ಡಾಕ್ಟರೇಟ್ ಆದ ಮೇಲೆ ಮುಂದೇನು?

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಭೆಗಳಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಮತ್ತು ಐಎಎಸ್ ಪರೀಕ್ಷೆಗಳ ಬಗ್ಗೆ ಸಾಕಷ್ಟು ಮಾತು ನಡೆಯುತ್ತದೆ. ಅದು ನಡೆಯಬೇಕಾದದ್ದೇ. ಆದರೆ ಬಿ.ಎಸ್ಸಿ., ಎಂ.ಎಸ್ಸಿ. ಓದುವ ನಮ್ಮ ಮಕ್ಕಳ ಮುಂದೆ ಇನ್ನೊಂದು ದಾರಿ ಇದೆ. ಅದು ಸಂಶೋಧನೆಯ ದಾರಿ. ಆ ದಾರಿಯ ಬಗ್ಗೆ ಪಿ.ಎಚ್‌ಡಿ. ತನಕ ಕೆಲವರಿಗೆ ಗೊತ್ತು. ಪಿ.ಎಚ್‌ಡಿ. ಮುಗಿದ ಮೇಲೆ ಏನಾಗುತ್ತದೆ ಎಂಬುದು ಬಹಳ ಜನರಿಗೆ ತಿಳಿಯದು. ನಾನು ಆ ಹಂತದಲ್ಲಿ ಬ್ಯಾಕ್ಟೀರಿಯಾ ತಳಿಶಾಸ್ತ್ರದಲ್ಲಿ ಕೆಲಸ ಮಾಡುವವನು. ಆದ್ದರಿಂದ ಇಂದು ಆ ಕೆಲಸ ಎಂಥದು, ಅದರಿಂದ ಏನು ಸಿಗುತ್ತದೆ, ಅದಕ್ಕೆ ತೆರಬೇಕಾದ ಬೆಲೆ ಏನು ಎಂಬುದನ್ನು ತಿಳಿಸಬಯಸುತ್ತೇನೆ. ಕೊನೆಯಲ್ಲಿ ಸಂಘದ ಹಿರಿಯರಲ್ಲಿ ಒಂದು ವಿನಂತಿಯೂ ಇದೆ.

ಮೊದಲಿಗೆ ಪೋಸ್ಟ್‌ಡಾಕ್ಟರಲ್ ಸಂಶೋಧಕ ಎಂದರೆ ಯಾರು? ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದ ಹುಡುಗನನ್ನು ನೆನಪಿಸಿಕೊಳ್ಳಿ. ಮೊದಲು ಅವನು ಬಿಡಿಭಾಗಗಳನ್ನು ತೊಳೆಯುತ್ತಾನೆ, ಸ್ಪ್ಯಾನರ್ ಎತ್ತಿ ಕೊಡುತ್ತಾನೆ. ನಂತರ ಉಸ್ತಾದ್ ಪಕ್ಕದಲ್ಲಿ ನಿಂತು ಅವನ ಕೈಯಿಂದ ಇಂಜಿನ್ ಬಿಚ್ಚಿಸುತ್ತಾರೆ. ಒಂದು ದಿನ, "ಈ ಗಾಡಿಗೆ ಏನಾಗಿದೆ ಎಂದು ನೀನೇ ನೋಡು" ಎಂದು ಪೂರ್ತಿ ಬಿಟ್ಟುಕೊಡುತ್ತಾರೆ. ಅಲ್ಲಿ ಪಾಸಾದವನು ಮಾತ್ರ ಮುಂದೆ ಸ್ವಂತ ಗ್ಯಾರೇಜ್ ಇಡಬಲ್ಲ. ಎಂ.ಎಸ್ಸಿ. ಮೊದಲನೆಯ ಹಂತವಾದರೆ ಪಿ.ಎಚ್‌ಡಿ. ಎರಡನೆಯದು, ಪೋಸ್ಟ್‌ಡಾಕ್ ಮೂರನೆಯದು. ಪಿ.ಎಚ್‌ಡಿ.ಯಲ್ಲಿ ಸಾಮಾನ್ಯವಾಗಿ ಮಾರ್ಗದರ್ಶಕರು ಕೊಟ್ಟ ಪ್ರಶ್ನೆಗೆ ಉತ್ತರ ಹುಡುಕುತ್ತೇವೆ. ಮುಂದೆ ಇಪ್ಪತ್ತು ವರ್ಷ ಬೆನ್ನು ಹತ್ತಬಹುದಾದ ನಮ್ಮದೇ ಪ್ರಶ್ನೆಯನ್ನು ಪೋಸ್ಟ್‌ಡಾಕ್ ಅವಧಿಯಲ್ಲಿ ಕಂಡುಕೊಳ್ಳಬೇಕು. ಅದು ಎರಡು ವರ್ಷವೂ ಆಗಬಹುದು, ಐದು ವರ್ಷವೂ ಆಗಬಹುದು.

ಇನ್ನು ಬ್ಯಾಕ್ಟೀರಿಯಾವೇ ಏಕೆ? ಬ್ಯಾಕ್ಟೀರಿಯಾ ಎಂದೊಡನೆ ನಮಗೆ ರೋಗದ ನೆನಪಾಗುತ್ತದೆ. ಹಾಲಿಗೆ ಹೆಪ್ಪು ಹಾಕಿ ರಾತ್ರಿ ಇಟ್ಟರೆ ಬೆಳಿಗ್ಗೆ ಮೊಸರು ಮಾಡಿಕೊಡುವುದೂ ಬ್ಯಾಕ್ಟೀರಿಯಾವೇ. ತಳಿಶಾಸ್ತ್ರಜ್ಞರಿಗೆ ಅದು ಇಷ್ಟವಾಗುವುದಕ್ಕೆ ಬೇರೆಯೇ ಕಾರಣವಿದೆ. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ ಸಿಕ್ಕಿದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅಂದರೆ 7 ಗಂಟೆಯಲ್ಲಿ 21 ತಲೆಮಾರು. ಒಂದು ಕೋಶ 20 ಲಕ್ಷಕ್ಕೂ ಹೆಚ್ಚಾಗುತ್ತದೆ. ಮನುಷ್ಯರಲ್ಲಿ 21 ತಲೆಮಾರು ಎಂದರೆ ಸುಮಾರು 500 ವರ್ಷ. ತಲೆಮಾರಿನಿಂದ ತಲೆಮಾರಿಗೆ ಗುಣಗಳು ಹೇಗೆ ಸಾಗುತ್ತವೆ, ಹೇಗೆ ಬದಲಾಗುತ್ತವೆ ಎಂದು ತಿಳಿಯುವುದೇ ತಳಿಶಾಸ್ತ್ರ. ಅದನ್ನು ಒಂದೇ ಹಗಲಿನಲ್ಲಿ ನೋಡಲು ಅವಕಾಶ ಕೊಡುವ ಜೀವಿ ಇದು.

ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಇ. ಕೋಲೈ ತಳಿಯ ಹೆಸರು ಕೆ-12. ಅದನ್ನು 1922ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಿಫ್ತೀರಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬ ರೋಗಿಯ ಮಲದಿಂದ ಬೇರ್ಪಡಿಸಲಾಯಿತು. 1997ರಲ್ಲಿ ಅದರ ಡಿಎನ್‌ಎಯನ್ನು ಪೂರ್ತಿ ಓದಲಾಯಿತು. ಸುಮಾರು 46 ಲಕ್ಷ ಅಕ್ಷರಗಳು, ಸುಮಾರು 4,300 ಜೀನ್‌ಗಳು. 2006ರಲ್ಲಿ ಜಪಾನಿನ ಕೇಯೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಜೀನ್‌ಗಳನ್ನು ಒಂದೊಂದಾಗಿ ತೆಗೆದುಹಾಕಿ 3,985 ತಳಿಗಳ ಸಂಗ್ರಹವನ್ನು ಪ್ರಕಟಿಸಿದರು. ಪ್ರತಿ ತಳಿಯಲ್ಲೂ ಒಂದೊಂದು ಜೀನ್ ಇಲ್ಲ. ಯಂತ್ರದಿಂದ ಒಂದು ಭಾಗ ತೆಗೆದಾಗ ಯಾವುದು ನಿಂತುಹೋಯಿತು ಎಂದು ನೋಡಿದರೆ ಆ ಭಾಗದ ಕೆಲಸ ತಿಳಿಯುತ್ತದೆ. ತಳಿಶಾಸ್ತ್ರಜ್ಞನ ವಿಧಾನವೂ ಇದೇ.

ದಿನದ ಕೆಲಸ ಹೇಗಿರುತ್ತದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬೆಳಿಗ್ಗೆ ಹೋದೊಡನೆ 37 ಡಿಗ್ರಿಯ ಇನ್‌ಕ್ಯುಬೇಟರ್ ತೆರೆದು ಹಿಂದಿನ ಸಂಜೆ ಇಟ್ಟ ತಟ್ಟೆಗಳನ್ನು ನೋಡುತ್ತೇವೆ. ಅಗರ್ ಹಾಕಿದ ಆ ತಟ್ಟೆಗಳ ಮೇಲೆ ಸಾಸಿವೆ ಕಾಳಿನಂತೆ ಕಾಣುವ ಚುಕ್ಕೆಗಳು ಮೂಡಿರುತ್ತವೆ. ಒಂದೊಂದು ಚುಕ್ಕೆಯೂ ಸಾಮಾನ್ಯವಾಗಿ ಒಂದೇ ಕೋಶದ ಸಂತಾನ. ಅವನ್ನು ಎಣಿಸುತ್ತೇವೆ. ಬೇಕಾದವನ್ನು ಶುದ್ಧಗೊಳಿಸಿದ ಹಲ್ಲುಕಡ್ಡಿಯಿಂದ ಎತ್ತಿ ಬೇರೆ ತಟ್ಟೆಗೆ ತಾಗಿಸುತ್ತೇವೆ. ಬಳಸುವ ನೀರು, ಆಹಾರ, ಗಾಜಿನ ಸಾಮಾನು ಎಲ್ಲವನ್ನೂ ಆಟೊಕ್ಲೇವ್‌ನಲ್ಲಿ 121 ಡಿಗ್ರಿಯ ಹಬೆಗೆ ಒಡ್ಡಬೇಕು. ಒಳ್ಳೆಯ ತಳಿ ಸಿಕ್ಕರೆ ಗ್ಲಿಸರಾಲ್‌ನಲ್ಲಿ ಬೆರೆಸಿ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಫ್ರೀಜರ್‌ನಲ್ಲಿ ಕಾದಿಡುತ್ತೇವೆ. ಸರಿಯಾಗಿ ಇಟ್ಟರೆ ವರ್ಷಗಳ ನಂತರವೂ ಅದನ್ನು ಎಬ್ಬಿಸಿ ಬೆಳೆಸಬಹುದು.

ಬ್ಯಾಕ್ಟೀರಿಯಾ ನಮ್ಮ ಗಡಿಯಾರಕ್ಕೆ ಕಾಯುವುದಿಲ್ಲ. ಬೆಳವಣಿಗೆಯನ್ನು ಅಳೆಯುವ ದಿನ ಅರ್ಧ ಗಂಟೆಗೊಮ್ಮೆ ಮಾಪನ ಮಾಡಲೇಬೇಕು. ಆದ್ದರಿಂದ ಶುಕ್ರವಾರ ಅಂಥ ಪ್ರಯೋಗವಿದ್ದರೆ ಮುಂಜಾನೆಯೇ ಆರಂಭಿಸಿ ಜುಮಾ ಹೊತ್ತಿಗೆ ಮುಗಿಸಿಕೊಳ್ಳುತ್ತೇವೆ. ಯಾವ ಹಂತದಲ್ಲಿ ಮಾದರಿಯನ್ನು ಮಂಜುಗಡ್ಡೆಯ ಮೇಲಿಟ್ಟು ಹೋಗಬಹುದು, ಯಾವ ಹಂತದಲ್ಲಿ ಹೋಗುವಂತಿಲ್ಲ ಎಂಬುದು ಅನುಭವದಿಂದ ತಿಳಿಯುತ್ತದೆ. ಸಮಯಪಾಲನೆಯನ್ನು ಮನೆಯಲ್ಲಿ ಕಲಿತು ಬಂದವರಿಗೆ ಇದು ಕಷ್ಟವಾಗದು.

ಆದರೆ ಕಡ್ಡಿ ಹಿಡಿಯುವುದು ಕೆಲಸದ ಅರ್ಧ ಭಾಗ ಮಾತ್ರ. ಉಳಿದರ್ಧ ಯೋಚನೆ. ಒಂದು ತಟ್ಟೆಗೆ ಔಷಧಿ ಹಾಕಿದರೆ ಔಷಧಿ ಹಾಕದ ಇನ್ನೊಂದು ತಟ್ಟೆಯನ್ನೂ ಇಡಬೇಕು. ಅದನ್ನು ಕಂಟ್ರೋಲ್ ಎನ್ನುತ್ತೇವೆ. ನಮಗೆ ಬೇಕಾದ ಉತ್ತರ ಬಂದಾಗಲೇ ಹೆಚ್ಚು ಅನುಮಾನಪಟ್ಟು ಮತ್ತೆ ಮಾಡಿ ನೋಡಬೇಕು. ಹತ್ತು ಪ್ರಯೋಗಗಳಲ್ಲಿ ಏಳೆಂಟು ಏನನ್ನೂ ಹೇಳದೆ ಹೋಗುವ ತಿಂಗಳುಗಳೂ ಇರುತ್ತವೆ. ಅವನ್ನೂ ತಾರೀಖು ಹಾಕಿ ಪುಸ್ತಕದಲ್ಲಿ ಬರೆಯಬೇಕು. ಕಂಡದ್ದನ್ನು ಕಂಡಂತೆ ಬರೆಯುವುದು ಇಲ್ಲಿ ಬರಿಯ ನಿಯಮವಲ್ಲ, ಅದು ಅಮಾನತ್. ಏಕೆಂದರೆ ಮುಂದೆ ಯಾರೋ ಒಬ್ಬರು ಅದನ್ನು ನಂಬಿ ತಮ್ಮ ಕೆಲಸ ಕಟ್ಟುತ್ತಾರೆ.

ಇಷ್ಟೆಲ್ಲ ಎಣಿಸಿ ಬರೆದು ಏನು ಸಿಕ್ಕಿತು ಎಂದು ನೀವು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ ಸಾಲ್ವಡಾರ್ ಲೂರಿಯಾ ಯಹೂದಿ ಮನೆತನದವರು. ಮುಸೊಲಿನಿಯ ಜನಾಂಗೀಯ ಕಾನೂನುಗಳಿಂದಾಗಿ 1938ರಲ್ಲಿ ದೇಶ ಬಿಟ್ಟು, ಪ್ಯಾರಿಸ್ ಮೂಲಕ 1940ರಲ್ಲಿ ಅಮೆರಿಕ ಸೇರಿದರು. ಅವರೂ ಮ್ಯಾಕ್ಸ್ ಡೆಲ್‌ಬ್ರೂಕ್ ಎಂಬ ಭೌತವಿಜ್ಞಾನಿಯೂ ಕೂಡಿ 1943ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ ಹಾಕಿದರೂ ಕೆಲವು ಬ್ಯಾಕ್ಟೀರಿಯಾ ಬದುಕುಳಿಯುತ್ತವೆ. ಆ ನಿರೋಧ ಶಕ್ತಿ ವೈರಸ್ ತಾಗಿದ ಮೇಲೆ ಬಂದದ್ದೋ, ಮೊದಲೇ ಇದ್ದದ್ದೋ? ಅವರು ಹಲವು ಕೊಳವೆಗಳಲ್ಲಿ ಬ್ಯಾಕ್ಟೀರಿಯಾವನ್ನು ಪ್ರತ್ಯೇಕವಾಗಿ ಬೆಳೆಸಿ, ಆಮೇಲೆ ವೈರಸ್ ಇರುವ ತಟ್ಟೆಗಳಿಗೆ ಹಾಕಿದರು. ವೈರಸ್ ತಾಗಿದ ಮೇಲೆ ಶಕ್ತಿ ಬರುವುದಾದರೆ ಎಲ್ಲ ತಟ್ಟೆಗಳಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಕಾಣಬೇಕಿತ್ತು. ಹಾಗಾಗಲಿಲ್ಲ. ಕೆಲವು ತಟ್ಟೆಗಳಲ್ಲಿ ಒಂದೂ ಇಲ್ಲ, ಕೆಲವುಗಳಲ್ಲಿ ನೂರಾರು. ಅಂದರೆ ಆ ಬದಲಾವಣೆ ವೈರಸ್ ಬರುವ ಮೊದಲೇ, ಬೆಳೆಯುವಾಗ ಯಾವಾಗಲೋ ತಾನಾಗಿ ಆಗಿತ್ತು. ಬೇಗ ಆದಲ್ಲಿ ಅದರ ಸಂತಾನ ನೂರಾರಾಗಿತ್ತು. ಇಬ್ಬರಿಗೂ 1969ರಲ್ಲಿ ಆಲ್‌ಫ್ರೆಡ್ ಹರ್ಷಿಯವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು.

ಇದು ನಮ್ಮ ಮನೆಯ ಔಷಧಿ ಡಬ್ಬಿಗೂ ಸಂಬಂಧಿಸಿದ ಮಾತು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮೊದಲೇ ಒಂದೋ ಎರಡೋ ಇರಬಹುದು. ಅನಗತ್ಯವಾಗಿ ಆಂಟಿಬಯೋಟಿಕ್ ನುಂಗಿದಾಗ ಉಳಿದವು ಸತ್ತು ಇವಕ್ಕೆ ಜಾಗ ಖಾಲಿಯಾಗುತ್ತದೆ. ನೆಗಡಿಗೆ ವೈದ್ಯರನ್ನು ಕೇಳದೆ ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ ತಂದು ತಿನ್ನುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದನ್ನು ಯೋಚಿಸಿ. ಲ್ಯಾನ್ಸೆಟ್ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದಲೇ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರು. ಈ ನಿರೋಧ ಶಕ್ತಿ ಯಾವ ಜೀನ್‌ನಿಂದ ಬರುತ್ತದೆ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ಹುಡುಕುತ್ತಿರುವವರಲ್ಲಿ ಪೋಸ್ಟ್‌ಡಾಕ್‌ಗಳದ್ದು ದೊಡ್ಡ ಪಾಲು.

ಸಕ್ಕರೆ ಕಾಯಿಲೆಯವರು ತೆಗೆದುಕೊಳ್ಳುವ ಇನ್ಸುಲಿನ್ ಹಿಂದೆ ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. 1978ರಲ್ಲಿ ಮಾನವ ಇನ್ಸುಲಿನ್‌ನ ಜೀನ್‌ಗಳನ್ನು ಇ. ಕೋಲೈ ಒಳಗೆ ಸೇರಿಸಿ ಅದರಿಂದಲೇ ಇನ್ಸುಲಿನ್ ತಯಾರಿಸಲಾಯಿತು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಾರಾಟದ ಅನುಮತಿ ಸಿಕ್ಕಿತು. ಹಂದಿಯ ಇನ್ಸುಲಿನ್ ಬಗ್ಗೆ ನಮ್ಮ ಹಿರಿಯರಿಗಿದ್ದ ಸಂಕೋಚವನ್ನು ಬಗೆಹರಿಸಿದ್ದು ಬ್ಯಾಕ್ಟೀರಿಯಾ ತಳಿಶಾಸ್ತ್ರ ಎಂಬುದನ್ನು ಎಷ್ಟು ಜನ ಗಮನಿಸಿದ್ದೇವೆ?

ಇನ್ನೊಂದು ಉದಾಹರಣೆ. 1987ರಲ್ಲಿ ಜಪಾನಿನ ವಿಜ್ಞಾನಿಗಳು ಇ. ಕೋಲೈ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಒಂದು ವಿಚಿತ್ರ ಸಾಲನ್ನು ಕಂಡರು. ಅದರ ಅರ್ಥ ಆಗ ತಿಳಿಯಲಿಲ್ಲ. ಅದು ವೈರಸ್‌ಗಳ ವಿರುದ್ಧ ಬ್ಯಾಕ್ಟೀರಿಯಾದ ರಕ್ಷಣಾ ವ್ಯವಸ್ಥೆಯ ಭಾಗ ಎಂದು ಮುಂದೆ ಗೊತ್ತಾಯಿತು. ಅದೇ ಇಂದು ಕ್ರಿಸ್ಪರ್ ಎಂದು ಹೆಸರಾಗಿದೆ. ಇದನ್ನು ಡಿಎನ್‌ಎ ಕತ್ತರಿಸುವ ಸಾಧನವಾಗಿ 2012ರಲ್ಲಿ ತೋರಿಸಿದ ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರಲ್ಲಿ ನೊಬೆಲ್ ಬಂತು. ಶಾರ್ಪೆಂಟಿಯೆ 1995ರಲ್ಲಿ ಪಿ.ಎಚ್‌ಡಿ. ಪಡೆದವರು. ನಂತರ ಅಮೆರಿಕದಲ್ಲಿ ಹಲವು ವರ್ಷ ಪೋಸ್ಟ್‌ಡಾಕ್ ಆಗಿ, ಆಮೇಲೆ ಆಸ್ಟ್ರಿಯ, ಸ್ವೀಡನ್, ಜರ್ಮನಿಗಳಲ್ಲಿ ದುಡಿದರು. 2023ರ ಕೊನೆಯಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಕ್ರಿಸ್ಪರ್ ಆಧಾರಿತ ಚಿಕಿತ್ಸೆಗೆ ಬ್ರಿಟನ್ ಮತ್ತು ಅಮೆರಿಕದಲ್ಲಿ ಅನುಮತಿ ದೊರೆಯಿತು. 1987ರಲ್ಲಿ ಅರ್ಥವಾಗದೆ ಹೋದದ್ದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟಿದ್ದರಿಂದ ತಾನೇ ಇದೆಲ್ಲ ಸಾಧ್ಯವಾಯಿತು?

ಇವರೆಲ್ಲ ದೂರದವರಾಯಿತು ಎಂದು ನಿಮಗೆ ಅನಿಸಬಹುದು. ನಮ್ಮ ಹತ್ತಿರದ ಒಬ್ಬರ ಹೆಸರು ಹೇಳುತ್ತೇನೆ. ಪ್ರೊ. ಒಬೈದ್ ಸಿದ್ದೀಕಿ. 1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿದರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗೀಡೊ ಪಾಂಟೆಕೊರ್ವೊ ಅವರ ಬಳಿ ಬೂಷ್ಟಿನ ತಳಿಶಾಸ್ತ್ರದಲ್ಲಿ ಪಿ.ಎಚ್‌ಡಿ. ಮಾಡಿದರು. ನಂತರ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ಗ್ಯಾರೆನ್ ಅವರ ಜೊತೆ ಪೋಸ್ಟ್‌ಡಾಕ್ ಆಗಿ ಇ. ಕೋಲೈ ಮೇಲೆ ಕೆಲಸ ಮಾಡಿದರು.

ಆ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಜೀನ್‌ನ ಬರಹವನ್ನು ಮೂರು ಮೂರು ಅಕ್ಷರಗಳ ಪದಗಳಾಗಿ ಓದಿ ಕೋಶ ಪ್ರೊಟೀನ್ ಕಟ್ಟುತ್ತದೆ. ಅಂಥ 64 ಪದಗಳಲ್ಲಿ ಮೂರಕ್ಕೆ 'ಇಲ್ಲಿಗೆ ನಿಲ್ಲಿಸು' ಎಂದು ಅರ್ಥ. ಅವು ಪೂರ್ಣವಿರಾಮ ಇದ್ದಂತೆ. ಅಕ್ಷರ ಬದಲಾಗಿ ವಾಕ್ಯದ ನಡುವೆಯೇ ಪೂರ್ಣವಿರಾಮ ಬಿದ್ದರೆ ಪ್ರೊಟೀನ್ ಅರ್ಧಕ್ಕೇ ನಿಂತುಹೋಗುತ್ತದೆ. ಈ ವಿಷಯ ಇನ್ನೂ ಸ್ಪಷ್ಟವಾಗಿಲ್ಲದ ಕಾಲದಲ್ಲಿ, 1962ರಲ್ಲಿ, ಗ್ಯಾರೆನ್ ಮತ್ತು ಸಿದ್ದೀಕಿ ಒಂದು ಲೇಖನ ಪ್ರಕಟಿಸಿದರು. ಒಂದು ಜೀನ್ ಕೆಟ್ಟು ನಿಂತ ಬ್ಯಾಕ್ಟೀರಿಯಾದಲ್ಲಿ, ಬೇರೆ ಕಡೆ ಆದ ಇನ್ನೊಂದು ಬದಲಾವಣೆಯಿಂದ ಆ ಕೆಟ್ಟ ಜೀನ್ ಮತ್ತೆ ಪ್ರೊಟೀನ್ ಕೊಡಬಲ್ಲದು ಎಂದು ಅದರಲ್ಲಿ ತೋರಿಸಿದ್ದರು. ಪೂರ್ಣವಿರಾಮದ ಪದಗಳನ್ನು ಗುರುತಿಸಲು ಈ ಕೆಲಸ ದಾರಿ ಮಾಡಿಕೊಟ್ಟಿತು. ಇಂದಿನ ಎಂ.ಎಸ್ಸಿ. ಪಠ್ಯದಲ್ಲಿ ನೀವು ಓದುವ ವಿಷಯದ ಹಿಂದೆ ಮೂವತ್ತರ ಆಸುಪಾಸಿನ ಒಬ್ಬ ಪೋಸ್ಟ್‌ಡಾಕ್‌ನ ಕೈ ಇದೆ.

ಅದೇ 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದ ಮೇರೆಗೆ ಸಿದ್ದೀಕಿ ದೇಶಕ್ಕೆ ಮರಳಿದರು. ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ವಿಭಾಗ ಆರಂಭಿಸಿದರು. ಮುಂದೆ ಹಣ್ಣಿನ ನೊಣಗಳಲ್ಲಿ ವಾಸನೆ ಮತ್ತು ರುಚಿಯ ಬಗ್ಗೆ ಕೆಲಸ ಮಾಡಿದರು. 1990ರ ದಶಕದಲ್ಲಿ ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ ನೆಲೆಯೂರಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರು ಅವರೇ. 2006ರಲ್ಲಿ ಪದ್ಮವಿಭೂಷಣ ದೊರೆಯಿತು. 2013ರ ಜುಲೈನಲ್ಲಿ ಬೆಂಗಳೂರಿನಲ್ಲಿ ಅಪಘಾತಕ್ಕೀಡಾಗಿ 81ನೇ ವಯಸ್ಸಿನಲ್ಲಿ ನಿಧನರಾದರು. ಸಸ್ಯದಿಂದ ಬೂಷ್ಟಿಗೆ, ಬೂಷ್ಟಿನಿಂದ ಬ್ಯಾಕ್ಟೀರಿಯಾಕ್ಕೆ, ಅಲ್ಲಿಂದ ನೊಣಕ್ಕೆ ಅವರು ಹೋದರು. ಪ್ರಶ್ನೆ ಎಲ್ಲಿ ಕರೆದರೆ ಅಲ್ಲಿಗೆ ಹೋಗುವ ಧೈರ್ಯ ಬರುವುದು ಈ ಪೋಸ್ಟ್‌ಡಾಕ್ ವಯಸ್ಸಿನಲ್ಲೇ.

ವಿದ್ಯಾರ್ಥಿನಿಯರಿಗೂ ಒಂದು ಹೆಸರು ಹೇಳಬೇಕು. ಎಸ್ತರ್ ಲೆಡರ್‌ಬರ್ಗ್. ಬ್ಯಾಕ್ಟೀರಿಯಾದೊಳಗೆ ಅಡಗಿ ಕೂರುವ ಲ್ಯಾಮ್ಡಾ ವೈರಸ್ಸನ್ನು ಕಂಡುಹಿಡಿದವರು. ಒಂದು ತಟ್ಟೆಯ ನೂರಾರು ಚುಕ್ಕೆಗಳನ್ನು ಒಂದೊಂದಾಗಿ ಎತ್ತುವ ಬದಲು, ಮಖಮಲ್ ಬಟ್ಟೆಯನ್ನು ತಟ್ಟೆಗೆ ಒತ್ತಿ, ಅದೇ ಬಟ್ಟೆಯನ್ನು ಬೇರೆ ತಟ್ಟೆಗಳಿಗೆ ಒತ್ತುವ ವಿಧಾನವನ್ನು 1952ರಲ್ಲಿ ಪತಿ ಜೋಶುವಾ ಜೊತೆ ಪ್ರಕಟಿಸಿದರು. ರಬ್ಬರ್ ಮೊಹರು ಒತ್ತಿದಂತೆ ಎಲ್ಲ ಚುಕ್ಕೆಗಳೂ ಅದೇ ಜಾಗದಲ್ಲಿ ಮೂಡುತ್ತವೆ. ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. 1958ರ ನೊಬೆಲ್ ಪತಿಗೆ ಬಂತು. ಎಸ್ತರ್ ಅವರಿಗೆ ಸಲ್ಲಬೇಕಾದ ಮನ್ನಣೆ ಬಹುಕಾಲ ಸಿಗಲಿಲ್ಲ. ಈ ಅನ್ಯಾಯವೂ ವಿಜ್ಞಾನದ ಚರಿತ್ರೆಯ ಭಾಗ. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಅದು ಮರುಕಳಿಸಬಾರದು.

ಈಗ ಕಷ್ಟದ ಮಾತಿಗೆ ಬರೋಣ. ಈ ದಾರಿಯಲ್ಲಿ ಹಣ ಕಡಿಮೆ, ಭರವಸೆ ಇನ್ನೂ ಕಡಿಮೆ. ಕೇಂದ್ರ ಸರ್ಕಾರದ 2023ರ ಪರಿಷ್ಕರಣೆಯಂತೆ ಪಿ.ಎಚ್‌ಡಿ.ಯ ಮೊದಲ ಎರಡು ವರ್ಷಕ್ಕೆ ಜೂನಿಯರ್ ಫೆಲೋಶಿಪ್ ತಿಂಗಳಿಗೆ 37,000 ರೂ., ನಂತರ 42,000 ರೂ. ಪಿ.ಎಚ್‌ಡಿ. ಆದ ಮೇಲೆ ರಿಸರ್ಚ್ ಅಸೋಸಿಯೇಟ್‌ಗೆ 58,000 ರೂ.ಗಳಿಂದ ಆರಂಭ. ಮನೆಬಾಡಿಗೆ ಭತ್ಯೆ ಬೇರೆ. ಇದು ಸಣ್ಣ ಮೊತ್ತವೇನೂ ಅಲ್ಲ. ಆದರೆ ಆ ಹೊತ್ತಿಗೆ ವಯಸ್ಸು ಮೂವತ್ತರ ಹತ್ತಿರ. ಜೊತೆಗೆ ಓದಿದ ಇಂಜಿನಿಯರ್ ಸ್ನೇಹಿತ ಮನೆ ಕಟ್ಟಿಸಿರುತ್ತಾನೆ. ನಮ್ಮ ಕೆಲಸ ಒಂದೆರಡು ವರ್ಷದ ಕರಾರಿನದು. ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಪೋಸ್ಟ್‌ಡಾಕ್ ಮಾಡಿದ ಎಲ್ಲರಿಗೂ ಪ್ರಾಧ್ಯಾಪಕ ಹುದ್ದೆ ಸಿಗುವುದಿಲ್ಲ, ಹೆಚ್ಚಿನವರಿಗೆ ಸಿಗುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಅವರು ಲಸಿಕೆ ಮತ್ತು ಔಷಧಿ ಕಂಪನಿಗಳಿಗೆ, ರೋಗಪತ್ತೆ ಪ್ರಯೋಗಾಲಯಗಳಿಗೆ, ಪೇಟೆಂಟ್ ಕೆಲಸಕ್ಕೆ, ಕಾಲೇಜು ಬೋಧನೆಗೆ ಹೋಗುತ್ತಾರೆ. ಅವು ಗೌರವದ ಕೆಲಸಗಳೇ. ಆದರೆ ಇದನ್ನೆಲ್ಲ ಮೊದಲೇ ತಿಳಿದು ಬರಬೇಕು.

ಮನೆಯಲ್ಲಿ ಅಮ್ಮೀ ಅಬ್ಬಾ ಕೇಳುವುದು ಒಂದೇ ಪ್ರಶ್ನೆ: "ಡಾಕ್ಟರೇಟ್ ಆಯಿತಲ್ಲ ಮಗಾ, ಇನ್ನೂ ಓದುವುದು ಮುಗಿಯಲಿಲ್ಲವೇ?" ಆ ಪ್ರಶ್ನೆಯಲ್ಲಿ ಪ್ರೀತಿ ಇದೆ, ಆತಂಕವೂ ಇದೆ. ತಂಗಿಯ ಮದುವೆ ಇರುತ್ತದೆ, ತಂದೆಯ ಅಂಗಡಿಯ ಸಾಲ ಇರುತ್ತದೆ. ಹೆಣ್ಣುಮಗಳಾದರೆ, "ಇನ್ನು ಎರಡು ವರ್ಷ ಬೇರೆ ಊರಿನಲ್ಲೇ?" ಎಂಬ ಪ್ರಶ್ನೆ ಬೇರೆ. ಪೋಷಕರಲ್ಲಿ ನನ್ನ ಮನವಿ ಇಷ್ಟೆ: ಮಕ್ಕಳು ಈಗ ಓದುತ್ತಿಲ್ಲ, ದುಡಿಯುತ್ತಿದ್ದಾರೆ ಎಂದು ತಿಳಿಯಿರಿ. ಯಾವಾಗ ಮುಗಿಯುತ್ತದೆ ಎಂದು ಕೇಳುವ ಜೊತೆಗೆ, ನೀನು ಏನನ್ನು ಹುಡುಕುತ್ತಿದ್ದೀಯ ಎಂದೂ ಒಮ್ಮೆ ಕೇಳಿ. ತಾಯಿಗೆ ಅರ್ಥವಾಗುವಂತೆ ತನ್ನ ಕೆಲಸವನ್ನು ಹೇಳಲು ಬಂದರೆ ಆ ಸಂಶೋಧಕನಿಗೂ ತನ್ನ ಪ್ರಶ್ನೆ ಸ್ಪಷ್ಟವಾಗುತ್ತದೆ.

ವಿದ್ಯಾರ್ಥಿಗಳಿಗೆ ಕೆಲವು ಸಲಹೆಗಳು. ಪಿಯುಸಿಯಲ್ಲಿ ಜೀವಶಾಸ್ತ್ರದ ಜೊತೆ ಗಣಿತವನ್ನು ಬಿಡಬೇಡಿ. ಲೂರಿಯಾ ಅವರ ಪ್ರಯೋಗವನ್ನು ಗೆಲ್ಲಿಸಿದ್ದು ಡೆಲ್‌ಬ್ರೂಕ್ ಅವರ ಲೆಕ್ಕ. ಬಿ.ಎಸ್ಸಿ.ಯಲ್ಲಿದ್ದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿದ್ದರೆ ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿ.ಎಚ್‌ಡಿ.ಗೆ ಜ್ಯಾಮ್ ಪರೀಕ್ಷೆ ಬರೆಯಿರಿ. ಎಂ.ಎಸ್ಸಿ. ನಂತರ ಸಿಎಸ್‌ಐಆರ್ ನೆಟ್ ಇದೆ. ಇಂಗ್ಲಿಷ್ ಬಗ್ಗೆ ಹೆದರಬೇಡಿ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದವರಿಗೂ ದಿನಕ್ಕೊಂದು ಪುಟ ಬರೆಯುವ ಅಭ್ಯಾಸದಿಂದ ಅದು ಬರುತ್ತದೆ. ಪೋಸ್ಟ್‌ಡಾಕ್‌ಗೆ ಪ್ರಯೋಗಾಲಯ ಆರಿಸುವಾಗ ಹೆಸರನ್ನಷ್ಟೇ ನೋಡಬೇಡಿ. ಅಲ್ಲಿಂದ ಹೊರಬಂದವರು ಈಗ ಎಲ್ಲಿದ್ದಾರೆ, ಹೋಗುವಾಗ ತಮ್ಮ ಪ್ರಶ್ನೆಯನ್ನು ತಮ್ಮೊಂದಿಗೆ ಕೊಂಡೊಯ್ಯಲು ಬಿಟ್ಟರೇ ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಿ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ವಿನಂತಿ. ಅಲ್ಪಸಂಖ್ಯಾತ ಸಮುದಾಯಗಳ ಪಿ.ಎಚ್‌ಡಿ. ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸಲಾಗಿದೆ ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಹೊಸಬರಿಗೆ ಆ ಬಾಗಿಲು ಮುಚ್ಚಿದೆ. ನಮ್ಮ ಸಂಘಗಳು ಸೀಟಿನ ಶುಲ್ಕಕ್ಕೆ ನೆರವಾಗುತ್ತವೆ, ರ‍್ಯಾಂಕ್ ಬಂದವರಿಗೆ ಸನ್ಮಾನ ಮಾಡುತ್ತವೆ. ಅದು ಸಂತೋಷವೇ. ಆದರೆ ಸಂಶೋಧನೆಯ ವಿದ್ಯಾರ್ಥಿ ಬಿದ್ದುಹೋಗುವುದು ನಡುದಾರಿಯ ಸಣ್ಣ ಹಳ್ಳಗಳಲ್ಲಿ. ಸಂದರ್ಶನಕ್ಕೆ ದೂರದ ಊರಿಗೆ ಹೋಗುವ ರೈಲು ಖರ್ಚು, ಫೆಲೋಶಿಪ್ ತಡವಾದ ನಾಲ್ಕು ತಿಂಗಳ ಬಾಡಿಗೆ, ಒಂದು ಕರಾರು ಮುಗಿದು ಇನ್ನೊಂದು ಆರಂಭವಾಗುವ ತನಕದ ಊಟ. ಇದಕ್ಕೆ ದೊಡ್ಡ ದಾನ ಬೇಕಿಲ್ಲ. ಕರ್ಜೆ ಹಸನ ಎಂಬ ಬಡ್ಡಿರಹಿತ ಸಾಲದ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಸಂಶೋಧನೆಯ ವಿದ್ಯಾರ್ಥಿಗಳಿಗೆಂದೇ ಒಂದು ಸಣ್ಣ ನಿಧಿ ಇಟ್ಟರೆ, ಫೆಲೋಶಿಪ್ ಬಂದೊಡನೆ ಅವರು ಹಿಂದಿರುಗಿಸುತ್ತಾರೆ, ಅದೇ ಹಣ ಮುಂದಿನವರಿಗೆ ಸಿಗುತ್ತದೆ. ಈಗಾಗಲೇ ಸಂಶೋಧನೆಯಲ್ಲಿರುವ ನಮ್ಮ ಹಿರಿಯ ವಿದ್ಯಾರ್ಥಿಗಳ ಹೆಸರು, ವಿಷಯಗಳ ಪಟ್ಟಿಯೊಂದನ್ನು ಸಂಘದಲ್ಲಿ ಇಟ್ಟರೆ, ಬಿ.ಎಸ್ಸಿ. ಹುಡುಗಿಯೊಬ್ಬಳು ಯಾರನ್ನು ಕೇಳಬೇಕೆಂದು ತಿಳಿಯದೆ ಸುಮ್ಮನಾಗುವುದು ತಪ್ಪುತ್ತದೆ. ಆ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಜ್ಞಾನವನ್ನು ಹುಡುಕುವುದು ಇಬಾದತ್ತಿನ ಭಾಗ ಎಂದು ನಾವು ನಂಬಿದವರು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಳಗೆ 46 ಲಕ್ಷ ಅಕ್ಷರಗಳ ಬರಹವನ್ನಿಟ್ಟ ಸೃಷ್ಟಿಕರ್ತನ ಕೆಲಸವನ್ನು ಒಂದೊಂದೇ ಪದವಾಗಿ ಓದುವ ಭಾಗ್ಯ ನಮ್ಮ ಮಕ್ಕಳಿಗೂ ಸಿಗಲಿ. ಅಲ್ಲಾಹನು ನಮಗೆಲ್ಲ ಉಪಕಾರಿಯಾದ ಜ್ಞಾನವನ್ನೂ ಅದಕ್ಕೆ ಬೇಕಾದ ಸಬ್ರ್ ಅನ್ನೂ ಕರುಣಿಸಲಿ, ಆಮೀನ್.